ಒಕ್ಕ, ಒಕ್ಕೂಟ

ವಿರಾಜಪೇಟೆಯ ಶಾಲೆಯಲ್ಲಿ, ಆರನೇ ಕ್ಲಾಸಿನ ಗೋಡೆಗೆ
ಲೋಕ ಒಂದೇ ಮೊಳೆಯಿಂದ ನೇತಾಡುತ್ತಿತ್ತು.
ಬಣ್ಣದ ಸೀಮೆಸುಣ್ಣ ಕೊಡುವ ಕೆಲಸ ನನ್ನದು:
ಮಿತ್ರರಿಗೆ ಕೆಂಪು, ಅಕ್ಷದವರಿಗೆ ನೀಲಿ.
ಯಾರಿಗೂ ಸೇರದವರು ಕಾಗದದ ಬಣ್ಣದಲ್ಲೇ ಇರಲಿ
ಎನ್ನುತ್ತಿದ್ದರು ಸಲ್ದಾನ ಮೇಷ್ಟ್ರು.

"ಅಕ್ಷ ಅಂದರೇನು ಸಾರ್?"
"ಅಚ್ಚು ಕಣೋ, ಗಾಡಿಯ ಅಚ್ಚು.
ಗಾಲಿಗಳು ಅದನ್ನೇ ಕಚ್ಚಿಕೊಂಡು ತಿರುಗುತ್ತವೆ."
ಎಲ್ಲರ ಕಣ್ಣೂ ಕಿಟಕಿಯಾಚೆ ಹೋಯಿತು.
ಅಂಚೆ ಕಚೇರಿಯೆದುರು ಕಾಫಿ ಮೂಟೆ ಹೊತ್ತ ಗಾಡಿ
ಎತ್ತಿಲ್ಲದೆ, ನೊಗ ನೆಲಕ್ಕೂರಿ
ಮೂರು ವಾರದಿಂದ ಅಲ್ಲೇ ನಿಂತಿತ್ತು.
ಕೊಳ್ಳುವ ದೇಶಗಳೆಲ್ಲ ನೀಲಿಯಾಗಿದ್ದವು.

ಒಕ್ಕೂಟ ಎಂದರೆ ಒಕ್ಕಗಳ ಕೂಟ ಅಂದುಕೊಂಡಿದ್ದೆವು ನಾವು:
ಒಂದು ನೆಲ್ಲಕ್ಕಿ, ಒಂದು ತೂಗುದೀಪ, ಒಂದು ಕೈಮಡ,
ಜಗಳವಾದರೂ ಕಾರಣರಿಗೆ ಎಡೆ ಇಡುವಾಗ
ಒಂದೇ ಚಾಪೆ.
ರಷ್ಯ ಮಾತ್ರ ಅರ್ಥವಾಗಲಿಲ್ಲ.
ಜರ್ಮನಿಯ ಜೊತೆ ಕೂತು ಪೋಲೆಂಡನ್ನು ಹಂಚಿ ಉಂಡದ್ದು
ಎರಡು ವರ್ಷ ತುಂಬುವ ಮೊದಲೇ ಕೆಂಪು ಪಂಕ್ತಿಯಲ್ಲಿತ್ತು,
ಕೈ ತೊಳೆದಿತ್ತೋ ಇಲ್ಲವೋ.

ಕಾಫಿ ಹೂ ಉದುರಿದ ಮೇಲೆ, ಒಂದು ಮಧ್ಯಾಹ್ನ,
ದೇಚವ್ವ ಬಂದರು.
ಉದ್ದ ತೋಳಿನ ರವಿಕೆಯೊಳಗೆ ಮಡಿಸಿದ ತಂತಿ.
"ಸಿಂಗಾಪುರ ಎಲ್ಲಿ, ತೋರಿಸಿ."
ನಕ್ಷೆಯ ಆ ಮೂಲೆಯನ್ನು ಗೆದ್ದಲು ತಿಂದಿತ್ತು.
ಮೇಷ್ಟ್ರು ಬೆತ್ತವನ್ನು ಬರ್ಮಾದಿಂದ ಇಳಿಸಿ ಇಳಿಸಿ
ಕಾಗದ ಮುಗಿದ ಮೇಲೆ ಬರಿಗೋಡೆಯ ಮೇಲೆ ನಿಲ್ಲಿಸಿದರು.
"ಸುಮಾರು, ಇಲ್ಲಿ."
ಅವರು ಹತ್ತಿರ ಹೋಗಿ ಸುಣ್ಣದ ಗೋಡೆಯನ್ನು ಮುಟ್ಟಿದರು,
ಜ್ವರ ಬಂದವನ ಹಣೆ ಮುಟ್ಟುವ ಹಾಗೆ.

"ಮೊಣ್ಣಪ್ಪ ಹುಟ್ಟಿದಾಗ ಅವನಪ್ಪ ಒಂದು ಗುಂಡು ಹಾರಿಸಿದರು.
ಸತ್ತರೆ ಎರಡು, ಅದು ನಮಗೆ ಗೊತ್ತು.
ಕಾಣೆ ಅಂತ ಬರೆದಿದ್ದಾರೆ.
ಕಾಣೆಯಾದರೆ ಎಷ್ಟು, ಮೇಷ್ಟ್ರೇ?"
"ನಾ ಕಾಣೆ ತಾಯೀ," ಅಂದುಬಿಟ್ಟರು ಮೇಷ್ಟ್ರು.
ಅಂದ ಮೇಲೆ ಆ ಮಾತು ಕಿವಿಗೆ ಬಿತ್ತು.
ಇಡೀ ಕ್ಲಾಸು ಸ್ಲೇಟು ನೋಡುತ್ತ ಕೂತಿತು.

ಮರುವರ್ಷ ಇಟಲಿ ಮಗ್ಗುಲು ಬದಲಿಸಿತು.
ಅದರ ಬೂಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ; ನೀಲಿ ಹೋಗಲಿಲ್ಲ.
ಮೇಲೆ ಕೆಂಪು ತಿಕ್ಕಿದೆ; ಬದನೆಕಾಯಿ ಬಣ್ಣ ಬಂತು.
"ಇರಲಿ ಬಿಡು," ಅಂದರು. "ಇದೇ ಸರಿ ಇರಬಹುದು."

ಅದೇ ತಿಂಗಳು ಸುದ್ದಿ ಬಂತು, ಯಾರದೋ ರೇಡಿಯೊದಿಂದ
ಯಾರದೋ ಬಾಯಿಗೆ, ಅಲ್ಲಿಂದ ಸಂತೆಗೆ:
ಮೊಣ್ಣಪ್ಪ ಇದ್ದಾನೆ. ಟೋಪಿ ಬೇರೆ. ಜಪಾನಿನವರ ಕಡೆ.
ದೇಚವ್ವನ ಮೈದುನನ ಮಗ ಐಯ್ಯಣ್ಣ ಆಗ
ಇಂಫಾಲದ ಗುಡ್ಡದಲ್ಲಿ ಇವರ ಕಡೆ ಕಂದಕ ತೋಡುತ್ತಿದ್ದ.
ಒಂದೇ ತೂಗುದೀಪದ ಕೆಳಗೆ ಅಕ್ಷರ ಕಲಿತವರು.
ಮೇಷ್ಟ್ರು ಕೈ ಚಾಚಿದರು.
ನಾನು ಎರಡು ಬಣ್ಣವನ್ನೂ ಮುಂದೆ ಹಿಡಿದೆ.
ಅವರು ಬಿಳಿ ತೆಗೆದುಕೊಂಡು
ಬಡ್ಡಿ ಲೆಕ್ಕ ಹಾಕಿಸಿದರು, ಗಂಟೆ ಹೊಡೆಯುವ ತನಕ.

ಇಬ್ಬರೂ ಬಂದರು ಕೊನೆಗೆ.
ಒಬ್ಬನಿಗೆ ಪದಕ, ಒಂದು ಕಿವಿ ಕೇಳದು.
ಇನ್ನೊಬ್ಬನಿಗೆ ಸಂಬಳವಿಲ್ಲ, ಸ್ಟೇಷನ್ನಿನಲ್ಲಿ ಹಾಕಿದ ಹಾರ ಒಂದು.
ಆ ವರ್ಷದ ಪುತ್ತರಿಗೆ ಮಂದ್‌ನಲ್ಲಿ ಪರಿಯ ಕಳಿ;
ಬೆತ್ತ ಹಿಡಿದು ಇಬ್ಬರೂ ಎದುರುಬದುರು ಇಳಿದರು.
ಮೊಣಕಾಲಿನ ಕೆಳಗೆ ಮಾತ್ರ, ಕೂಗಿ ಹೇಳಿದರು ತಕ್ಕರು,
ಪ್ರತಿ ವರ್ಷ ಹೇಳುವುದೇ.
ಐಯ್ಯಣ್ಣ ಹೊಡೆದ. ಮತ್ತೆ ಹೊಡೆದ.
ಮೊಣ್ಣಪ್ಪ ಗುರಾಣಿ ಇಳಿಸಲೇ ಇಲ್ಲ, ಬೆತ್ತ ಎತ್ತಲೂ ಇಲ್ಲ.
ಏಳನೆಯ ಏಟಿಗೆ ತಕ್ಕರೇ ನಡುವೆ ಬಂದು
ಅಪ್ಪಿಕೊಳ್ಳಿ ಅಂದರು. ಅಪ್ಪಿಕೊಂಡರು, ಕಟ್ಟಲೆಯಂತೆ.
ಕಿವಿಯಲ್ಲಿ ಮೊಣ್ಣಪ್ಪ ಏನೋ ಅಂದ.
ಕೇಳದ ಕಿವಿಯ ಕಡೆ.

ದೇಚವ್ವ ನಾಲ್ಕು ಮಳೆಗಾಲ ತೆಗೆದಿಟ್ಟಿದ್ದ ಎರಡು ತೋಟೆ
ಹಂದಿಗೆಂದು ಹಾಕಿ ನೋಡಿದರು ಆಮೇಲೆ.
ಹಸಿ ಹಿಡಿದಿತ್ತು.
ಕುದುರೆ ಬಿತ್ತು, ಟಿಕ್ ಅಂತ. ಅಷ್ಟೇ.