ಹಿಮ್ಮಡಿ

ಯಾರೋ ಹಿಂದಿನಿಂದ ಹೊಡೆದರೆಂದೇ ತಿರುಗಿದೆ.
ಯಾರೂ ಇರಲಿಲ್ಲ.
ಗೋಡೆ, ಗೋಡೆಗೊರಗಿಸಿದ ಬಿದಿರ ಕತ್ತಿಗಳು,
ಕಿಟಕಿಯಾಚೆ ಕುಶಿರೊ ಬಂದರಿನ ಮಂಜು.
ಹೆಜ್ಜೆ ಇಟ್ಟೆ.
ಎಡಗಾಲನ್ನು ನೆಲ ಒಪ್ಪಿಕೊಳ್ಳಲಿಲ್ಲ.

ಹಿಮ್ಮಡಿಯ ಹುರಿ ಹರಿದಿದೆ ಎಂದರು ಡಾಕ್ಟರು.
ಐವತ್ತಮೂರು ವಯಸ್ಸು, ಎಂದು ಬರೆದುಕೊಂಡು
ಕೆಂಡೊ ಅಲ್ಲದೆ ಬೇರೇನಾದರೂ ಉಂಟೇ, ಕೇಳಿದರು.
ಉಂಟು. ಕ್ಷೌರದಂಗಡಿ.
ಅದಕ್ಕೂ ನಿಲ್ಲುವ ಕಾಲು ಬೇಕು.

ಆರು ತಿಂಗಳು ಬರಲಾಗುವುದಿಲ್ಲವೆಂದು
ಶಿರಾಟೋರಿ ಗುರುಗಳಿಗೆ ಫೋನು ಮಾಡಿದೆ.
ಎಪ್ಪತ್ತೊಂದರ ಮುದುಕಿ, ಕೆಮ್ಮು ಮುಗಿಸಿಕೊಂಡು,
‘ಕಣ್ಣಿಗೂ ಪ್ಲಾಸ್ಟರ್ ಹಾಕಿದ್ದಾರಾ, ತೊಕಿಯೆ?’

ಹೋದೆ. ಬಾಗಿಲಲ್ಲಿ ಬಾಗಿ ನಮಸ್ಕರಿಸುವಾಗ
ಊರುಗೋಲೆರಡೂ ದಡಬಡ ಬಿದ್ದವು.
ಮಕ್ಕಳು ನಕ್ಕರು. ನಗಲಿ.
ನನ್ನದೇ ಜಾಗಕ್ಕೆ ಕೊಹಾರು ನಿಂತಿದ್ದಳು,
ಆರನೇ ಕ್ಲಾಸಿನ ಹುಡುಗಿ, ಜಿಂಕೆಯ ಕಾಲು.
ಅವಳು ಜಿಗಿದಾಗಲೆಲ್ಲ ಹಲಗೆ ಗುಡುಗುತ್ತಿತ್ತು,
ನನಗೆ ಹೊಟ್ಟೆ ಉರಿಯುತ್ತಿತ್ತು.
ಸುಳ್ಳೇಕೆ ಹೇಳಲಿ.

ಕುರ್ಚಿಯಲ್ಲಿ ಕೂತು ನೂರು ಬೀಸು.
ಕಾಲಿಲ್ಲದ ಮೇಲೆ ಕೈಗಳ ಕಳ್ಳತನ ಹೊರಬಿತ್ತು:
ಇಪ್ಪತ್ತೆರಡು ವರ್ಷ ಬಲಗೈ
ಎಡಗೈಯ ಕೂಲಿ ಕಸಿದು ತಿಂದಿದೆ.
ಜಿಗಿತದ ಸದ್ದಿನಲ್ಲಿ ಅದು ಕೇಳಿಸಿರಲಿಲ್ಲ.
ಎಡಗೈಯೊಂದರಲ್ಲೇ ಬೀಸು, ಎಂದರು ಗುರುಗಳು.
ಮೂವತ್ತಕ್ಕೆ ಮೊಣಕೈ ಅತ್ತಿತು.

ಮಿಕ್ಕ ಹೊತ್ತು ನೋಡುವುದು.
ಮುಖಕವಚದ ಸರಳುಗಳಿಲ್ಲದೆ
ಈ ಕೋಣೆಯನ್ನು ಇಷ್ಟು ಹೊತ್ತು ನೋಡಿರಲೇ ಇಲ್ಲ.
ಹೊಡೆಯುವ ಮೊದಲು ಕೊಹಾರುವಿನ ಗದ್ದ
ಒಂದು ಅಕ್ಕಿಕಾಳಿನಷ್ಟು ಮೇಲೇಳುತ್ತದೆ.
ಹೆದರಿದಾಗ ಇಶಿಗಾನೆ ಉಸಿರು ಹಿಡಿಯುತ್ತಾನೆ,
ಬೇಡದ ಸಾಲಗಾರ ಬಾಗಿಲು ತಟ್ಟಿದವನ ಹಾಗೆ.
ನೆಲದ ಹಲಗೆಗಳಲ್ಲಿ ಅಲ್ಲಲ್ಲಿ ಸವೆದ ಬಟ್ಟಲುಗಳು,
ಎಡಪಾದಗಳು ನೂಕಿ ನೂಕಿ ಮಾಡಿದವು.
ಕಂಬದಿಂದ ಮೂರನೆಯದು ನನ್ನದು.
ಯಾರೂ ನೋಡದಾಗ ಕೈಯಿಟ್ಟು ನೋಡಿದೆ.
ತಣ್ಣಗಿತ್ತು.

ಅಂಗಡಿಯಲ್ಲಿ ಗಾಲಿಯ ಸ್ಟೂಲು.
ಮೀನುಗಾರರ ತಲೆಗಳ ಸುತ್ತ ಉರುಳುತ್ತೇನೆ.
‘ಈಗ ನನ್ನ ತಲೆಯೇ ನಿನಗಿಂತ ಎತ್ತರ’
ಎನ್ನುತ್ತಾನೆ ಒನೊದೆರಾ, ಪ್ರತಿ ಸಲ, ಹೊಸದೆಂಬಂತೆ.
ರಾತ್ರಿ ಮಕ್ಕಳ ಬಿದಿರ ಕತ್ತಿಗಳಿಗೂ ಕ್ಷೌರ:
ಎದ್ದ ಸಿಬಿರು ಹೆರೆದು, ಎಣ್ಣೆ ಸವರಿ,
ನಾಲ್ಕು ಸೀಳುಗಳನ್ನು ಮತ್ತೆ ಒಂದೇ ಹಿಡಿಗೆ ಕಟ್ಟಿ.
ಬಿದಿರಿಗೆ ಬೇಗ ಗುಣವಾಗುತ್ತದೆ.

ಪ್ಲಾಸ್ಟರ್ ಬಿಚ್ಚಿದ ದಿನ ಸ್ನಾನದ ತೊಟ್ಟಿಯಲ್ಲಿ
ಮೀನಖಂಡ ನೋಡಿಕೊಂಡೆ:
ಸಂತೆ ಮುಗಿದ ಮೇಲೆ ಹಲಗೆಯ ಮೇಲುಳಿದ,
ಚೌಕಾಸಿಗೂ ಯಾರೂ ಎತ್ತದ ಮೀನು.
ನೀರು ಆರುವತನಕ ಕೂತಿದ್ದೆ.

ಮಂಗಳವಾರ. ಹದಿನಾಲ್ಕನೆಯ ವಾರ.
ಕಂಬ ಹಿಡಿದು ನನ್ನ ಬಟ್ಟಲಲ್ಲಿ ನಿಂತೆ.
ಗುರುಗಳು ಮೊಣಕಾಲೂರಿ, ಅದಕ್ಕೇ ಅಷ್ಟು ಹೊತ್ತು ಹಿಡಿದು,
ನನ್ನ ಎಡ ಹಿಮ್ಮಡಿಯ ಪಕ್ಕ
ಹಾಜರಿ ಪುಸ್ತಕ ಇಟ್ಟರು.
‘ಇದು ಒಳಹೋಗುವಷ್ಟು ಎತ್ತು. ಸಾಕು.’
ಪುಟ ತೆರೆದೇ ಇತ್ತು. ನನ್ನ ಹೆಸರಿನ ಮುಂದೆ
ಎಲ್ಲ ವಾರಗಳಲ್ಲೂ ಎಲ್ಲರಿಗಿದ್ದದ್ದೇ ಗುರುತು,
ಕುರ್ಚಿಯ ದಿನಗಳಿಗೂ.

ಎತ್ತಿದೆ. ಕಾಲು ನಡುಗಿತು,
ಗಾಳಿಗೆ ಸಿಕ್ಕ ದೋಣಿಯ ಹಗ್ಗದಂತೆ.
ಪುಸ್ತಕ ಅರ್ಧ ಒಳಹೋಯಿತು.

ಆ ಬದಿಯಲ್ಲಿ ಮಕ್ಕಳು ಕೂಗಿ ಎಣಿಸುತ್ತಿದ್ದರು,
ಎಪ್ಪತ್ತಾರು, ಎಪ್ಪತ್ತೇಳು.
ನಾನು ಮೆಲ್ಲಗೆ,
ಒಂದು.