ಲೈಡನ್ನಿನ ಉಪ್ಪುಮೀನು

ಇನ್ನೂರ ನಲವತ್ತು ಸೈಕಲ್ಲು ಮಾರಿದ್ದಕ್ಕೆ
ಕಂಪನಿ ನನಗೆ ಏಳು ದಿನದ ಹಾಲೆಂಡ್ ಕೊಟ್ಟಿತು.
ಅಮೀರ್ ಅಹಮದ್ ಸರ್ಕಲ್ಲಿನ ಹಿಂದೆ ನನ್ನ ಅಂಗಡಿ.
ಶಟರ್ ಎಳೆದು, "ಮಾಲೀಕರು ಊರಲ್ಲಿಲ್ಲ" ಎಂದು ಬರೆದು ಹೋದೆ.
ಪಕ್ಕದ ಬೇಕರಿಯ ಸಮೀವುಲ್ಲಾ ಕೆಳಗೆ ಸೇರಿಸಿದ್ದ:
"ದೇಶದಲ್ಲೇ ಇಲ್ಲ."

ಬಂದ ಮೇಲೆ ಮೊದಲು ಹೋದದ್ದು ಗೋಪಾಳಕ್ಕೆ, ಗುತ್ಯಮ್ಮತ್ತೆಯ ಮನೆಗೆ.
ನಾಳಿದ್ದು ಭೂಮಿ ಹುಣ್ಣಿಮೆ.
ಕೆಮ್ಮಣ್ಣು ಬಳಿದ ಬುಟ್ಟಿ ತೊಡೆಯ ಮೇಲೆ,
ಕೈಯಲ್ಲಿ ಪುಂಡಿನಾರಿನ ಕುಂಚ, ಅಕ್ಕಿಹಿಟ್ಟಿನ ಗೆರೆ.
"ಹೇಳು" ಅಂದಳು, ತಲೆ ಎತ್ತದೆ.

ಹೇಳಿದೆ.
ಸೈಕಲ್ಲು ನಿಲ್ಲಿಸಲು ಅಲ್ಲಿ ಎರಡು ಅಂತಸ್ತಿನ ಸ್ಟ್ಯಾಂಡು,
ಎಣಿಸಹೋಗಿ ನಾನೂರರಲ್ಲಿ ಲೆಕ್ಕ ತಪ್ಪಿತು.
ಎಂಬತ್ತರ ಮುದುಕಿಯರು ಬೆಲ್ಲು ಹೊಡೆದು ನಮ್ಮನ್ನು ಪಕ್ಕಕ್ಕೆ ಸರಿಸಿದರು.
ಶನಿವಾರದ ಸಂತೆ ಕಾಲುವೆಯ ದಂಡೆಗೆ,
ನಮ್ಮ ಗಾಂಧಿ ಬಜಾರಿನ ನಡುವೆ ತುಂಗೆಯ ನಾಲೆ ಬಿಟ್ಟಂತೆ.
ಗಾಲಿಯಗಲದ ಚೀಸು, ಈರುಳ್ಳಿಯೆಂದು ಮೋಸ ಹೋಗುವ ಹೂವಿನ ಗಡ್ಡೆ.
ಮೀನಿನವನು ತಕ್ಕಡಿಯ ಮೇಲೆ ಹೆಬ್ಬೆರಳು ಒತ್ತಲಿಲ್ಲ.
ಆಗ ಊರು ನೆನಪಾಯಿತು.

ಗಾಳಿಗಿರಣಿಯ ಏಣಿ ಹತ್ತಿದೆ, ಮಂಡಿ ಇನ್ನೂ ನೋಯುತ್ತಿದೆ.
ಮತ್ತೆ, ಅತ್ತೆ, ನಾವು ಹೋದದ್ದು ಅವರ ಹಬ್ಬದ ದಿನ,
ಅಕ್ಟೋಬರ್ ಮೂರು.

"ಯಾವ ದೇವರದ್ದು?"

ದೇವರದ್ದಲ್ಲ. ನೀರಿನದು.

ಕುಂಚ ನಿಂತಿತು.

ಗೈಡು ಹೇಳಿದ್ದನ್ನೇ ಹೇಳಿದೆ:
ನಾನೂರೈವತ್ತು ವರ್ಷದ ಹಿಂದೆ ಶತ್ರು ಊರನ್ನು ಮುತ್ತಿದ್ದ,
ಒಳಗೆ ಜನ ಹಸಿದು ಸಾಯುತ್ತಿದ್ದರು.
ಅವರ ಕಡೆಯವರೇ ಒಡ್ಡು ಒಡೆದರು.
ನೀರು ಹೊಲ ಹಾದು, ಬೇಲಿ ಹಾದು, ಗೋಡೆಯ ಬುಡಕ್ಕೆ ಬಂತು,
ನೀರಿನ ಮೇಲೆ ದೋಣಿ ಬಂತು,
ದೋಣಿಯಲ್ಲಿ ಬಿಳಿ ಬ್ರೆಡ್ಡು, ಉಪ್ಪುಮೀನು.
ಶತ್ರು ರಾತ್ರೋರಾತ್ರಿ ಓಡಿದ, ಬೆಂದ ಪಾತ್ರೆಯನ್ನೂ ಬಿಟ್ಟು.
ಇವತ್ತಿಗೂ ಆ ಬೆಳಿಗ್ಗೆ ಊರವರು ಸಾಲು ನಿಂತು
ಬ್ರೆಡ್ಡು ಮೀನು ಇಸಿದುಕೊಳ್ಳುತ್ತಾರೆ.
ಗಜ್ಜರಿ, ಈರುಳ್ಳಿ, ಆಲೂಗಡ್ಡೆ ಕಿವುಚಿದ ಒಂದು ಅಡುಗೆ ಬೇರೆ,
ನಮ್ಮ ಹಚ್ಚಂಬಲಿಯ ದೂರದ ನೆಂಟ.
ರಾತ್ರಿ ಬ್ಯಾಂಡು, ತೊಟ್ಟಿಲು, ಕುಡಿತ.
ಸಾಲಲ್ಲಿದ್ದ ಮುದುಕನೊಬ್ಬ ತನ್ನ ಪಾಲು ಮುರಿದು ನನಗೂ ಕೊಟ್ಟ.
ಮೀನನ್ನು ಬಾಲ ಹಿಡಿದೆತ್ತಿ, ಆಕಾಶ ನೋಡುತ್ತ ಕಚ್ಚಬೇಕು.
ಕಚ್ಚಿದೆ.

"ಉಪ್ಪು ಸರಿಯಿತ್ತಾ?"

ಇತ್ತು.

ಕುಂಚ ಮತ್ತೆ ಹಿಟ್ಟಿಗಿಳಿಯಿತು. ಒಂದು ಗೆರೆ. ಇನ್ನೊಂದು.

"ನೀರು ಬಿಟ್ಟರು ಅಂದೆಯಲ್ಲ, ಯಾರ ಗದ್ದೆ ಮೇಲೆ?"

ಗೈಡು ಹೇಳಿರಲಿಲ್ಲ.
ನಾನು ಕೇಳಿರಲಿಲ್ಲ.

ಲಿಂಗನಮಕ್ಕಿಯ ನೀರು ಏರಿದ ವರ್ಷ ಅತ್ತೆಗೆ ಹನ್ನೊಂದು.
ಎಮ್ಮೆ ಲಾರಿ ಹತ್ತಿತಂತೆ, ಒರಳುಕಲ್ಲು ಹತ್ತಲಿಲ್ಲವಂತೆ.
ಡ್ಯಾಮು ತಳ ಕಂಡ ಒಂದು ಬೇಸಿಗೆ ನಾನೇ ಕರೆದೊಯ್ದಿದ್ದೆ.
ಒಂದು ಕಡೆ ನಿಂತು "ಇದು ಕೊಟ್ಟಿಗೆ" ಅಂದಳು,
ನಾಲ್ಕು ಹೆಜ್ಜೆ ಸರಿದು, ಬಗ್ಗಿ, ಇಲ್ಲದ ಬಾಗಿಲು ದಾಟಿದಳು.
ನನಗೆ ಕಂಡದ್ದು ಬಿರುಕು ಬಿಟ್ಟ ಕೆಸರು.

"ಆ ಗದ್ದೆಯವರನ್ನೂ ಕರೀತಾರಾ ಹಬ್ಬಕ್ಕೆ?"
ದನಿಯಲ್ಲಿ ಸಿಟ್ಟಿರಲಿಲ್ಲ.
ಮದುವೆಯ ಕರೆಯೋಲೆಯಲ್ಲಿ ಯಾರ ಮನೆ ಬಿಟ್ಟುಹೋಯಿತೆಂದು
ವಿಚಾರಿಸುವ ಹಾಗೆ.
ಗಾಳಿಗಿರಣಿಯ ಪುಟ್ಟ ಬೊಂಬೆ ಕೊಟ್ಟೆ. ರೆಕ್ಕೆ ತಿರುಗಿಸಿ ನೋಡಿ
ರೇಷನ್ ಕಾರ್ಡಿನ ಡಬ್ಬಿಯೊಳಗಿಟ್ಟಳು.

ಹುಣ್ಣಿಮೆಯ ನಸುಕಿಗೆ ಸ್ಕೂಟರಿನ ಹಿಂದೆ ಅತ್ತೆ,
ಅತ್ತೆಯ ಮಡಿಲಲ್ಲಿ ಬುಟ್ಟಿ.
ಗಾಡಿಕೊಪ್ಪದಾಚೆ ಯಾರದೋ ಗದ್ದೆ,
ಪ್ರತಿ ವರ್ಷ ಕೇಳಿ ಪಡೆದ ಒಂದು ಮೂಲೆ.
ಬಸುರಿ ಪೈರಿಗೆ ಅರಿಶಿನ ಕುಂಕುಮ.
ಎಡೆ ಬಡಿಸಿದಳು: ಭೂಮಿತಾಯಿಗೆ, ಹಿರಿಯರಿಗೆ, ಕಾಗೆಗೆ.
ಆಮೇಲೆ, ಕೊಂಚ ದೂರದಲ್ಲಿ, ಇನ್ನೊಂದು ಬಾಳೆಲೆ.
ಅದು ಯಾರಿಗೆ ಅಂತ ಅವಳು ಹೇಳಲಿಲ್ಲ.

ಬದುವಿನ ಮೇಲೆ ಕೂತು ಸೌತೆಕಾಯಿ ಕಡುಬು ತಿಂದೆವು.
ಉಪ್ಪು ಸ್ವಲ್ಪ ಕಡಿಮೆ ಇತ್ತು.
ಅವಳು ಕೇಳಲಿಲ್ಲ.