ತವರಿನ ಕಡೆಯವರು

ಶುಕ್ರವಾರ. ಊರಿಗೆ ಊರೇ ಅಗುಳಿ ಹಾಕಿಕೊಂಡು
ಮಣ್ಣುಗೋಡೆಗಳ ತಂಪಿನಲ್ಲಿ ಮಲಗಿರುವ ಹೊತ್ತು
ಬಿಳಿ ಅಂಗಿ, ಬಿಳಿ ಪೈಜಾಮ, ಬಿಳಿ ಟೋಪಿ ತೊಟ್ಟು
ಅಪ್ಪ ಹೊಸ್ತಿಲಲ್ಲಿ ನಿಂತಿದ್ದ.
'ತೋಟಕ್ಕೆ ಕರೆದುಕೊಂಡು ಹೋಗು, ತೂರಾನ್.'

ಆ ಬಟ್ಟೆ ಪೆಟ್ಟಿಗೆ ಸೇರಿ ಹದಿನೆಂಟು ವರ್ಷ.
ನೆಲದಡಿ ಕಾಲುವೆ ತೋಡುವವರು ಬಿಳಿಯನ್ನೇ ಉಡುವುದು;
ಮೇಲಿನ ಮಣ್ಣು ಕುಸಿದರೆ
ಬೇರೆ ಹೊದಿಸುವ ಕೆಲಸವಿಲ್ಲ ನೋಡಿ, ಅದಕ್ಕೆ.
ಅಮ್ಮ ಅದನ್ನು ನಲವತ್ತು ವರ್ಷ ಒಗೆದಳು.
ಸಂಜೆ ಅದು ತಾನೇ ನಡೆದುಕೊಂಡು ಮನೆಗೆ ಬಂದರೆ
ಏನೂ ಹೇಳದೆ ಚಹಾಕ್ಕಿಡುತ್ತಿದ್ದಳು.

ಯಜ್ದ್‌ನಲ್ಲಿ ಹುಟ್ಟಿ ಯಜ್ದ್‌ನಲ್ಲೇ ಹಲ್ಲು ಉದುರಿದವನು
ತೋಟದ ಬಾಗಿಲು ಒಮ್ಮೆಯೂ ದಾಟಿದವನಲ್ಲ.
ಅದರ ಕೆಳಗೆ ದಾಟಿದ್ದಕ್ಕೆ ಲೆಕ್ಕವಿಲ್ಲ.

ದಾರಿಯಲ್ಲಿ ನನ್ನ ಹಳೆಯ ಪ್ರೈಡ್ ಕಾರನ್ನು
ಮಿಠಾಯಿ ಅಂಗಡಿಗೆ ತಿರುಗಿಸಿದ.
ಅರ್ಧ ಕಿಲೋ ಕೊತ್ತಾಬ್, ಏಲಕ್ಕಿ ಮುಂದಾಗಿ,
ಪೊಟ್ಟಣಕ್ಕೆ ಎರಡು ಸುತ್ತು ದಾರ.
ಯಾರಿಗೆ, ಎಂದೆ.
'ಹೆಣ್ಣು ಕೊಟ್ಟ ಮನೆಗೆ ಬರಿಗೈಯಲ್ಲಿ ಹೋಗುವುದುಂಟೇ?
ನೀರು ಕೊಟ್ಟಿದ್ದೇನೆ ಆ ಮನೆಗೆ.'

ವಯಸ್ಸಾದವರಿಗೆ ಅರ್ಧ ಟಿಕೆಟ್ಟು ಎಂದಳು ಹುಡುಗಿ.
ಅವನು ಪೂರ್ತಿ ಎಣಿಸಿಟ್ಟ.

ಹೊರಗೆ ಬಿಸಿಲು ಕಣ್ಣಿಗೆ ಸುಣ್ಣ ಬಳಿಯುತ್ತಿತ್ತು.
ಒಳಗೆ ಕಾಲಿಟ್ಟರೆ ಹಸಿರು,
ಒಮ್ಮೆಲೇ, ಕತ್ತಲ ಕೋಣೆಯಲ್ಲಿ
ಯಾರೋ ಹೆಸರು ಹಿಡಿದು ಕರೆದಂತೆ.
ಉದ್ದನೆಯ ಕೊಳ, ಇಕ್ಕೆಲದಲ್ಲೂ ಸೈಪ್ರಸ್,
ದಾಳಿಂಬೆ ಹೂವಿನ ಕೆಂಪಿಗೆ ಕೈ ಚಾಚಿದ ಮಕ್ಕಳು,
ಶಿರಾಜಿನಿಂದ ಬಂದ ಸಂಸಾರವೊಂದು ಕಲ್ಲಂಗಡಿ ಕೊಯ್ಯುತ್ತಾ.
ಕೊನೆಯಲ್ಲಿ ಎಂಟು ಮೂಲೆಯ ಎತ್ತರ:
ನಮ್ಮೂರಲ್ಲಿ ಗಾಳಿಗೋಪುರವನ್ನು
ಇಟ್ಟಿಗೆಯಲ್ಲೇ ಕಟ್ಟುತ್ತಾರೆ.
ಎಲ್ಲರೂ ಕತ್ತೆತ್ತಿ ಅದನ್ನೇ ನೋಡುತ್ತಿದ್ದರು.

ಅಪ್ಪ ನೆಲ ನೋಡಿಕೊಂಡು ನಡೆದ.
ಹೆಜ್ಜೆ ಎಣಿಸುತ್ತಾ, ನಿಲ್ಲುತ್ತಾ,
ಎಡಕ್ಕೆ ಎರಡು ಮಾರು ಸರಿಯುತ್ತಾ.
ಒಂದು ಮರದ ಬಳಿ ನಿಂತ. ಅರ್ಧ ಮೈ ಒಣಗಿದ ಸೈಪ್ರಸ್.
'ಇವಳೇ' ಎಂದ.
'ಬೇರು ಬಿಟ್ಟುಕೊಂಡು ಇಳಿದಿದ್ದಳು ಅಷ್ಟು ದೂರ,
ದೀಪದ ಬೆಳಕಿಗೆ ಬಿಚ್ಚಿದ ಕೂದಲಿನ ಹಾಗೆ.
ನೀರಿಗೆ ಅಡ್ಡ. ಕಡಿದೆ.
ಮೂರು ದಿನ ಕೈಯಿಂದ ಪರಿಮಳ ಹೋಗಲಿಲ್ಲ.'
ಒಣಗಿದ ಕಡೆಗೆ ಅಂಗೈ ಇಟ್ಟ.
ಮುಖ ಈಗ ಕಂಡಿತಲ್ಲ, ಎಂದೇನೋ ಗೊಣಗಿದ;
ನನಗೆ ಹೇಳಿದ್ದಲ್ಲ.

ಮಾಲಿ ಫರಾಮರ್ಜ್ ಪೊಟ್ಟಣ ಇಸಿದುಕೊಂಡು ತಬ್ಬಿಬ್ಬಾದ.
ಎಳೆಯ ಹುಡುಗ, ಸುಳ್ಳು ಹೇಳಲು ಬಾರದು.
ಕೊಳದ್ದು ಪೈಪಿನ ನೀರು, ಅಜ್ಜಾ, ಎಂದ.
ನಿಮ್ಮದು ಬತ್ತುತ್ತಾ ಬಂತು. ಕೆಳಗೆ ಬೆರಳಿನಷ್ಟು ಇದೆಯಂತೆ.
ಮೆಟ್ಟಿಲಿಗೆ ಬೀಗ, ಕೀಲಿ ಕಚೇರಿಯಲ್ಲಿ,
ಕಚೇರಿಗೆ ಇವತ್ತು ರಜೆ.

ಅಪ್ಪ ಹಟ ಮಾಡಲಿಲ್ಲ.
ಮೆಟ್ಟಿಲ ಬಾಯಿಗೆ ಹೊದಿಸಿದ ಕಬ್ಬಿಣದ ಜಾಲರಿಯ ಮೇಲೆ
ಟೋಪಿ ತೆಗೆದಿಟ್ಟು, ಮಗ್ಗುಲಾಗಿ ಮಲಗಿ, ಕಿವಿ ಹಚ್ಚಿದ.
ಶಿರಾಜಿನ ಮಕ್ಕಳು ಓಡಿ ಬಂದು
ಅವನ ಸುತ್ತ ಕಿವಿ ಹಚ್ಚಿ ಮಲಗಿದವು.
ತುಟಿಯಲ್ಲಿ ಕಲ್ಲಂಗಡಿಯ ರಸ, ಉಸಿರು ಬಿಗಿ ಹಿಡಿದು.
ಅವರಮ್ಮ ಚಾಕು ಎತ್ತಿದವಳು ಎತ್ತಿದ ಹಾಗೇ.

'ಕೇಳಿಸಿತು' ಅಂದಿತು ಚಿಕ್ಕದು.
'ಏನೂ ಇಲ್ಲ' ಅಂದ ಅದರ ಅಣ್ಣ.

ಅಪ್ಪ ತಡವಾಗಿ ಎದ್ದ.
ಕೆನ್ನೆ ಮೇಲೆ ಜಾಲರಿಯ ಚೌಕಗಳು.
'ಚೆನ್ನಾಗಿದ್ದಾಳೆ' ಎಂದ, ಬಟ್ಟೆ ಕೊಡವುತ್ತಾ.
'ದನಿ ಸಣ್ಣಗಾಗಿದೆ, ಅಷ್ಟೇ.'

ಒಂದು ಸಲ ಬಾವಿಯ ಗೋಡೆ ಬಿದ್ದ ಮೇಲೆ
ಅವನ ಎಡಗಿವಿ ಕೇಳಿಸುವುದಿಲ್ಲ.
ಮನೆಯಲ್ಲಿ ನಾವೆಲ್ಲ ಬಲಕ್ಕೆ ಕೂತೇ ಮಾತಾಡುತ್ತೇವೆ.
ಅವನು ಹಚ್ಚಿದ್ದು ಎಡಗಿವಿಯನ್ನೇ.

ಫರಾಮರ್ಜ್ ದಾರ ಬಿಚ್ಚಿ ಎಲ್ಲರಿಗೂ ಒಂದೊಂದು ಕೊಟ್ಟ.
ನಾನೂ ತಿಂದೆ.
ಸಕ್ಕರೆ ಪುಡಿ ನನ್ನ ಕಪ್ಪು ಚಾದರಿನ ಮೇಲೆಲ್ಲ ಉದುರಿತು,
ಒರೆಸಿಕೊಳ್ಳಲಿಲ್ಲ.